ಕುಡಿಯದೆ ಇಟ್ಟ ಗಹ್ವಾ

ಅಬೂ ಸಾಲೆಮ್ ಬಾಬಾ, ಅಂದು ನಿಮ್ಮ ಮುಂದಿನಿಂದ ಆ ಬಟ್ಟಲನ್ನು ನಾನು ತಿಳಿಯದೆ ಎತ್ತಿದ್ದಲ್ಲ. ತಿಳಿದೇ ಎತ್ತಿದೆ. ನಿಮಗೆ ಕನ್ನಡ ಓದಲು ಬಾರದು. ಬರುತ್ತಿದ್ದರೆ ಇದನ್ನು ಬರೆಯುವ ಧೈರ್ಯ ನನಗೆ ಇರುತ್ತಿರಲಿಲ್ಲ. ಆದರೆ ಇಷ್ಟು ವರ್ಷ ಹೊತ್ತು ಸಾಕಾಗಿದೆ.

ಆ ಬಟ್ಟಲಿನ ಅರ್ಥ ಕಲಿಸಿದವರೇ ನೀವು. ಕುವೈತಿನಲ್ಲಿ ನನ್ನ ಮೊದಲ ಕಫೀಲ್, ವೀಸಾ ಕೊಟ್ಟು ಕರೆಸಿಕೊಂಡ ಧಣಿ, ನೀವು. ನಿಮ್ಮ ಮನೆಗೆ ಬಂದವರಿಗೆ ಗಹ್ವಾ, ಅಂದರೆ ನಿಮ್ಮ ಕಾಫಿ, ಸುರಿಯುವ ಕೆಲಸ ನನ್ನದು. ಅಮ್ಮನಿಗೆ ಹುಷಾರಿಲ್ಲವೆಂದು ಮಂಗಳೂರಿನಿಂದ ಸುದ್ದಿ ಬಂದಾಗ ರಜೆ ಕೇಳಲು ಬಾಯಿ ಬರಲಿಲ್ಲ. ನೀವು ಕೊಟ್ಟ ಗಹ್ವಾವನ್ನು ಮುಟ್ಟದೆ ಕೆಳಗಿಟ್ಟು ಕೂತೆ. ನೀವು ನಕ್ಕಿರಿ.

"ಜಯಾ, ನಮ್ಮಲ್ಲಿ ಅತಿಥಿ ಕುಡಿಯದೆ ಇಟ್ಟರೆ ಅವನದೊಂದು ಬೇಡಿಕೆ ಇದೆ ಅಂತ. ಮನೆಯವನೇ ಕೇಳಬೇಕು, ಕೊಡಬೇಕು. ಆಮೇಲೆ ಕುಡಿಯುವುದು. ಹೇಳು, ಏನು ಬೇಕು?"

ಆ ವಾರವೇ ನನ್ನನ್ನು ಊರಿಗೆ ಕಳಿಸಿದಿರಿ.

ತೊಂಬತ್ತರಲ್ಲಿ ಇರಾಕಿನ ಸೈನ್ಯ ನುಗ್ಗಿದಾಗ ನಾನು ಕುವೈತ್ ನಗರದ ಶರ್ಕ್ ಬಡಾವಣೆಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದೆ. ಉಳಿದವರೆಲ್ಲ ಓಡಿಹೋಗಿ ಅಡುಗೆಯವನೂ ನಾನೇ, ದುಭಾಷಿಯೂ ನಾನೇ. ಯುರೋಪಿನ ಒಂದು ದೇಶದ ದೂತ ಅಲ್ಲಿ ಇಳಿದುಕೊಂಡಿದ್ದ. ಕುವೈತಿನ ಉತ್ತರದ ಎರಡು ದ್ವೀಪ, ಒಂದಿಷ್ಟು ಎಣ್ಣೆಯ ನೆಲ ಬಿಟ್ಟುಕೊಟ್ಟರೆ ಸೈನ್ಯ ಹಿಂದೆ ಹೋದೀತೇ, ಅದಕ್ಕೆ ಇಲ್ಲಿಯ ಹಿರಿಯರು ಒಪ್ಪಿಯಾರೇ — ಇದನ್ನು ತಿಳಿದು ಹೋಗಲು ಬಂದಿದ್ದ. ಯಾರದೋ ಹಿತ್ತಲನ್ನು ಇನ್ಯಾರೋ ಅಳೆದ ಹಾಗೆ. ಬಟ್ಟಲು ಎತ್ತಿದ ಆ ದಿನವೇ ಅವನು ಬಾಗ್ದಾದಿಗೆ ಹೊರಡುವವನಿದ್ದ, ಅಲ್ಲಿಂದ ಅಮ್ಮಾನಿಗೆ. ಅವನ ಕಾರಿನಲ್ಲಿ ನನಗೆ, ಹೆಂಡತಿಗೆ, ಮಗುವಿಗೆ ಜಾಗ ಕೊಡುತ್ತೇನೆಂದಿದ್ದ.

"ಇವತ್ತು ತಪ್ಪಿದ್ರೆ ಇನ್ನು ಇಲ್ಲ ಮಾರಾಯ್ರೆ," ಎಂದಿದ್ದಳು ಹೆಂಡತಿ ಶಾರದಾ, ಮಗುವನ್ನು ಸೊಂಟಕ್ಕೇರಿಸಿಕೊಂಡು.

ಆಗ, ಅವನು ಕರೆಸಿದ್ದ ಹಿರಿಯರಲ್ಲಿ ಒಬ್ಬರಾಗಿ, ನೀವು ಬಂದಿರಿ. ನಿಮ್ಮ ಮಗ ಸಾಲೆಮ್‌ನನ್ನು ಸೈನಿಕರು ಹಿಡಿದೊಯ್ದದ್ದು ನನಗೆ ಗೊತ್ತಿತ್ತು. ದೂತ ನಕ್ಷೆ ಬಿಡಿಸಿ, ದ್ವೀಪಗಳ ಮೇಲೆ ಬೆರಳಿಟ್ಟು, ನಿಮ್ಮ ಅಭಿಪ್ರಾಯ ಕೇಳಿದ. ನೀವು ನಕ್ಷೆ ನೋಡಲಿಲ್ಲ. ನಾನು ಕೊಟ್ಟ ಗಹ್ವಾವನ್ನು ಕುಡಿಯದೆ ಮೇಜಿನ ಮೇಲಿಟ್ಟು ಕಾದಿರಿ. ಆ ಕೋಣೆಯಲ್ಲಿ ಅವನು ಮನೆಯವನು, ನೀವು ಅತಿಥಿ. ಅವನಾಗಿ ಕೇಳದೆ ನೀವು ಬಾಯಿಬಿಡುವವರಲ್ಲ.

"ಇವರಿಗೆ ಕಾಫಿ ಸೇರುವುದಿಲ್ಲವೇ?" — ಅವನು ಕೇಳಿದ್ದು ನನ್ನನ್ನು.

ಒಂದು ಮಾತು ಸಾಕಿತ್ತು. ಅವನು ಒಳ್ಳೆಯವನೇ, ಸೇನಾಧಿಕಾರಿಯನ್ನು ಕಂಡು ಸಾಲೆಮ್‌ನ ವಿಷಯ ಎತ್ತುತ್ತಿದ್ದ. ಆದರೆ ಹೊರಡುವುದು ನಿಲ್ಲುತ್ತಿತ್ತು. ಕೆಳಗೆ ಕಾರು, ಕಾರಿನ ಪಕ್ಕದಲ್ಲಿ ಶಾರದಾ, ಮಗು...

"ಸೇರುವುದಿಲ್ಲ ಸರ್," ಎಂದೆ. ಬಟ್ಟಲು ಎತ್ತಿದೆ.

ನಿಮ್ಮ ಬೇಡಿಕೆ ಕೇಳಲು ಒಲ್ಲದೆ ಅವನೇ ಹೇಳಿ ಎತ್ತಿಸಿದನೆಂದು ನೀವು ತಿಳಿದಿರಬೇಕು. ನನ್ನ ಮೇಲೆ ನಿಮಗೆ ಸಂಶಯವೇ ಬರಲಿಲ್ಲ — ಅದೇ ಇಂದಿಗೂ ಸುಡುವುದು. "ಖಲಾಸ್," ಎಂದು ಎದ್ದಿರಿ. "ದ್ವೀಪದ ಮಾತು ನನ್ನ ಹತ್ತಿರ ಬೇಡ ಅಂತ ಹೇಳು ಅವನಿಗೆ." ಉಂಡ ಮನೆಯ ಜಂತೆ ಎಣಿಸಬಾರದೆಂದು ಅಮ್ಮ ಹೇಳುತ್ತಿದ್ದಳು, ನಾನು ಜಂತೆಯನ್ನೇ ಕಿತ್ತುಕೊಂಡು ಓಡಿದೆ.

ಸಾಲೆಮ್ ಬರಲಿಲ್ಲ. ಯುದ್ಧ ಮುಗಿದ ಮೇಲೂ ಬರಲಿಲ್ಲ. ದೂತ ಹೇಳಿದ್ದರೂ ಬಿಡುತ್ತಿದ್ದರೋ ಇಲ್ಲವೋ — ಹಾಗೆಂದು ಸಮಾಧಾನ ಮಾಡಿಕೊಳ್ಳಲು ನೋಡಿ ನೋಡಿ ಸೋತಿದ್ದೇನೆ.

ತೊಂಬತ್ತೊಂದರ ಕೊನೆಗೆ ಮರಳಿ ಬಂದೆ. ಹೋಟೆಲು ಸುಟ್ಟುಹೋಗಿತ್ತು. ಎಲ್ಲವನ್ನೂ ಹೇಳಿಬಿಡಬೇಕೆಂದೇ ನಿಮ್ಮ ಮನೆಗೆ ಬಂದೆ. ಸಾಲೆಮ್ ಒರಗುತ್ತಿದ್ದ ದಿಂಬು ಅದೇ ಮೂಲೆಯಲ್ಲಿತ್ತು. ಈ ಸಲ ನೀವೇ ಗಹ್ವಾ ಸುರಿದು ಕೊಟ್ಟಿರಿ. ನಾನು ಕುಡಿಯದೆ ಕೆಳಗಿಟ್ಟೆ.

ನೀವು ಹಳೆಯದನ್ನು ನೆನೆದು ಸಣ್ಣಗೆ ನಕ್ಕಿರಿ. "ಕೇಳು ಜಯಾ, ಏನು ಬೇಕು?"

ಕ್ಷಮೆ ಕೇಳಬೇಕಾಗಿದ್ದ ಬಾಯಿ —

"ಕೆಲಸ ಬೇಕು ಬಾಬಾ," ಎಂದಿತು.

"ಕೊಟ್ಟೆ. ಕುಡಿ."

ಕುಡಿದೆ.