ಭಾವನ ಹೊಲದಲ್ಲಿ ಹರಿದ ನೀರು

ಹೋದ ವಾರ ಕೊಟ್ಟೂರಿನ ಸಂತೆಯಲ್ಲಿ ಸಬ್ಬಸಿಗೆ ಸೊಪ್ಪಿನ ಕಟ್ಟು ಕೈಗೆತ್ತಿಕೊಂಡೆ. ಅದರ ಘಾಟು ಮೂಗಿಗೆ ಬಡಿದದ್ದೇ ತಡ, ನೀರಿನ ಮೇಡಂ ನೆನಪಾದರು. ನನ್ನ ಖಾನಾವಳಿಯಲ್ಲಿ ಸಬ್ಬಸಿಗೆ ಪಲ್ಯ ಮಾಡಿದ ದಿನ ಅವರು ಒಂದು ರೊಟ್ಟಿ ಹೆಚ್ಚಿಗೆ ಕೇಳುತ್ತಿದ್ದರು...

ಕೊಟ್ಟೂರು ಕಡೆಯ ಅರಸೀಕೆರೆಯಿಂದ ಒಳಗಿರುವ ನಮ್ಮೂರಿಗೆ ಅವರು ಬಂದದ್ದು ನೆರೆ, ಬರಗಳ ಬಗ್ಗೆ ಸಂಶೋಧನೆ ಮಾಡಲು. ಮೈಸೂರು ಕಡೆಯವರು, ನಡುವಯಸ್ಸು. ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಬೆಳಿಗ್ಗೆ ಬೂಟು ಹಾಕಿಕೊಂಡು ಗುಡ್ಡದ ಕಡೆ ಹೊರಟರೆ ಮಧ್ಯಾಹ್ನ ಮುಖವೆಲ್ಲ ಕೆಂಪು ಧೂಳು ಮಾಡಿಕೊಂಡು ಊಟಕ್ಕೆ ಬರುತ್ತಿದ್ದರು. ಊರ ಕೆರೆ ತುಂಬಿದ್ದನ್ನು ನನ್ನ ಮಕ್ಕಳು ನೋಡಿರಲೇ ಇಲ್ಲ. ಅಂಥ ಊರಲ್ಲಿ ನೆರೆ ಹುಡುಕುವವರನ್ನು ಕಂಡು ಜನ ನಗುತ್ತಿದ್ದರು.

ಆ ವರ್ಷ ಒಂದು ಸಂಜೆ ಮಳೆ ಬಂತು ನೋಡಿ... ಬೀದಿಯ ನೀರು ಖಾನಾವಳಿಗೆ ನುಗ್ಗಿ ಜೋಳದ ಹಿಟ್ಟಿನ ಚೀಲಗಳೆಲ್ಲ ನೆನೆದು ಹೋದವು. ಮರುದಿನ ನಾನು ಕೆಸರು ಬಳಿಯುತ್ತಿದ್ದಾಗ ಮೇಡಂ ಕೆರೆ ನೋಡಿಕೊಂಡು ಓಡೋಡಿ ಬಂದರು.

"ಅಕ್ಕಾ, ನಿಮ್ಮ ಅಡುಗೆಮನೆಗೇ ಇಷ್ಟು ನೀರು ಬಂದಿದೆ, ಕೆರೆಯಲ್ಲಿ ಎಮ್ಮೆ ಮೈ ತೊಳೆಯೋಷ್ಟೂ ಇಲ್ಲ! ತಿಂಗಳಿಡೀ ಬರಬೇಕಾದ ಮಳೆ ಈಗ ಒಂದೇ ಸಂಜೆ ಬರ್ತಿದೆ. ಬಂದ ನೀರಿಗೆ ಹೋಗೋಕೆ ದಾರಿ ಇಲ್ಲ."

ಆ ದಾರಿಯನ್ನು ಅವರೇ ಪತ್ತೆ ಹಚ್ಚಿದರು. ಗುಡ್ಡದಿಂದ ಕೆರೆಗೆ ಇಳಿಯುತ್ತಿದ್ದ ಹಳೆಯ ಕಾಲುವೆ ನನ್ನ ಭಾವನ, ಅಂದರೆ ನನ್ನ ಗಂಡನ ಅಣ್ಣನ, ಹೊಲದಲ್ಲಿ ಮುಚ್ಚಿಹೋಗಿತ್ತು. ಅದರ ಮೇಲೆ ಮೆಕ್ಕೆಜೋಳ ಆಳೆತ್ತರ ನಿಂತಿತ್ತು.

ಭಾವನದು ಮಾತು ಕಡಿಮೆ, ಸಿಟ್ಟು ಜಾಸ್ತಿ. "ಬೆಳಿ ಕಿತ್ತು ಕಾಲುವಿ ತೋಡ್ಲೇನ್ರಿ? ನಾಳೆ ಮಳಿ ಬರ್ಲಿಲ್ಲಂದ್ರ ನಮ್ಮ ಹೊಟ್ಟಿಗೆ ಏನು ಹಾಕ್ತೀರಿ?" ಎಂದು ಖಾನಾವಳಿಯಲ್ಲಿ ಎಲ್ಲರ ಮುಂದೆಯೇ ಕೇಳಿದರು.

ಮೇಡಂ ದನಿ ಏರಿಸಲಿಲ್ಲ. "ಬೆಳೆ ಮುಟ್ಟೋದು ಬೇಡ. ಬದುವಿನ ಪಕ್ಕ ಸಣ್ಣದಾಗಿ ತೋಡ್ತೀವಿ. ನೀರು ಹರಿಯದಿದ್ದರೆ ನಾನೇ ಮುಚ್ಚಿಕೊಡ್ತೀನಿ."

"ತೋಡ್ರಿ, ನೋಡೂಣು" ಎಂದು ಭಾವ ಎದ್ದು ಹೋದರು.

ಓಣಿಯ ಹೆಂಗಸರೆಲ್ಲ ಸಲಿಕೆ ಹಿಡಿದೆವು. ಅಂಗೈಯಲ್ಲಿ ಬೊಬ್ಬೆ ಎದ್ದರೂ ಮೇಡಂ ಬಿಡಲಿಲ್ಲ.

ಮತ್ತೆ ಮಳೆ ಬಂದದ್ದು ಮಧ್ಯಾಹ್ನ ಊಟದ ಹೊತ್ತಿಗೆ. ತಟ್ಟೆ ಬಿಟ್ಟು ಎದ್ದ ಮೇಡಂ ಓಡಿದರು, ಹಿಂದೆ ನಾವೆಲ್ಲ. ಕೆಂಪು ನೀರು ನಾವು ತೋಡಿದ ದಾರಿ ಹಿಡಿದು ಬಂತು. ಆದರೆ ಬದು ತಿರುಗುವಲ್ಲಿ ತಡೆದು ನಿಂತು, ಊರ ಕಡೆಗೆ ಹೊರಳತೊಡಗಿತು. ಕೆರೆಗೆ ಇಳಿಜಾರು ಇದ್ದದ್ದು ಬೆಳೆಯ ನಡುವೆ ಮಾತ್ರ. ಮೇಡಂ ಸಲಿಕೆ ಹಿಡಿದು ಹಾಗೇ ನಿಂತುಬಿಟ್ಟರು. ಬೆಳೆ ಮುಟ್ಟುವುದಿಲ್ಲವೆಂದು ಮಾತು ಕೊಟ್ಟಿದ್ದರಲ್ಲ.

ಭಾವನೂ ಅಲ್ಲಿಗೆ ಬಂದಿದ್ದರು. ನೀರನ್ನು ನೋಡಿದರು, ಕೆರೆಯ ಕಡೆ ನೋಡಿದರು. ತಟಕ್ಕನೆ ಮೇಡಂ ಕೈಯಿಂದ ಸಲಿಕೆ ಕಸಿದುಕೊಂಡು, "ಏನ್ ನೋಡಾಕ ಹತ್ತೀರಿ? ಬರ್ರಿ ಎಲ್ಲಾರು!" ಎಂದು ಕೂಗುತ್ತ ತಮ್ಮ ಮೆಕ್ಕೆಜೋಳದೊಳಗೇ ನುಗ್ಗಿದರು. ಬೆಳೆ ಬುಡಸಮೇತ ಉರುಳಿತು. ನೀರು ಅವರ ಕಾಲ ಸಂದಿಯಲ್ಲೇ ಹಾದು ಕೆರೆಗೆ ಧುಮುಕಿತು. ಮೇಡಂ ಕೆಸರಲ್ಲೇ ಕುಸಿದು ಕೂತು ಚಪ್ಪಾಳೆ ತಟ್ಟಿದರು. ಭಾವ ನಕ್ಕದ್ದನ್ನು ನಾನು ಆ ಮನೆಗೆ ಸೊಸೆಯಾಗಿ ಬಂದಮೇಲೆ ಮೊದಲ ಸಲ ಕಂಡೆ.

ಆಮೇಲೆ ಭಾವ ಹೊಲದ ಆ ಪಟ್ಟಿಯನ್ನು ಬಿಟ್ಟುಕೊಟ್ಟರು. ಊರವರು ಸೇರಿ ಕಾಲುವೆಗೆ ಕಲ್ಲು ಕಟ್ಟಿಸಿದೆವು. ಕೆರೆ ಕೋಡಿ ಬಿದ್ದ ದಿನ ಊರಿಗೆಲ್ಲ ಹೋಳಿಗೆ ಊಟ! ಬತ್ತಿದ್ದ ಬೋರುಗಳಲ್ಲಿ ನೀರು ಬಂತು. ಎಂಥ ಮಳೆಯಾದರೂ ನೀರು ಮತ್ತೆ ನನ್ನ ಖಾನಾವಳಿಯ ಹೊಸ್ತಿಲು ದಾಟಲಿಲ್ಲ.

ಮೇಡಂ ಕೆಲಸ ಮುಗಿಸಿ ಹೋದರು. ಮುಂಗಾರು ಹಿಡಿದಾಗಲೆಲ್ಲ ಫೋನು ಮಾಡುತ್ತಿದ್ದರು... ಹೋದ ವರ್ಷ ಅವರ ತಂಗಿ ಮಾಡಿದರು. ಕಾಯಿಲೆಯಾಗಿದ್ದನ್ನು ಮೇಡಂ ನಮಗೆ ಹೇಳಿಯೇ ಇರಲಿಲ್ಲ.

ಈ ಸಲವೂ ಕೆರೆ ತುಂಬಿದೆ. ಕೂಡ್ಲಿಗಿ ಕಡೆಯ ಒಂದು ಊರಿನವರು ಮೊನ್ನೆ ನೋಡಲು ಬಂದಿದ್ದರು. ಅವರಲ್ಲೊಬ್ಬ ಹಿರಿಯರು ಕೋಡಿಯ ನೀರಲ್ಲಿ ಕಾಲಿಳಿಬಿಟ್ಟುಕೊಂಡು, "ನಮ್ಮೂರಾಗೂ ಹಿಂಗ ಐತ್ರಿ. ಆ ಮೇಡಮ್ಮೋರನ್ನ ಒಮ್ಮಿ ಕಳಿಸ್ರಿ" ಎಂದು ಭಾವನನ್ನು ಕೇಳಿದರು.

ಭಾವ ಕೋಡಿಯ ಕಡೆ ತಿರುಗಿ, "ಅವರು ಈಗ ಇಲ್ರಿ" ಎಂದರು. ಆಮೇಲೆ ಹೆಗಲ ಮೇಲಿನ ಟವೆಲ್ ಕೊಡವಿಕೊಂಡು, "ನಾನು ಬರ್ತೀನಿ. ಕಾಲುವಿ ಯಾರ ಹೊಲದಾಗ ಮುಚ್ಚೈತಿ, ಮೊದ್ಲು ಅವನ ಮನಿ ತೋರಿಸ್ರಿ" ಎಂದರು.