ಕೂರದೇ ಬಿಟ್ಟ ಕಂಬಳಿ

ಏನೇನೋ ಆಗಬಹುದಿತ್ತು. ಉಣ್ಣಿಯೊಂದು ಕಾಲುಚೀಲ ದಾಟಿ ಮೊಣಕಾಲಿನ ಹಿಂದೆ ಕಚ್ಚಿಕೊಳ್ಳಬಹುದಿತ್ತು. ಕಚ್ಚಿದ್ದು ಗೊತ್ತಾಗದೇ ಹೋಗಬಹುದಿತ್ತು. ಗೊತ್ತಾಗಿ, ಗಾಬರಿಯಲ್ಲಿ ಕಿತ್ತು, ಅದರ ಬಾಯಿ ನನ್ನ ಚರ್ಮದೊಳಗೇ ಉಳಿಯಬಹುದಿತ್ತು. ವಾರದ ಮೇಲೆ ಜ್ವರ ಬಂದು, ಡಾಕ್ಟರು ಅದನ್ನು ಡೆಂಗಿ ಅಂದು, ಎದುರು ಮಾತಾಡಲು ಸಂಕೋಚವಾಗಿ ನಾನು ಸುಮ್ಮನೆ ಸತ್ತೇ ಹೋಗಬಹುದಿತ್ತು.

ಗಂಗಾವತಿಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವವನು ನಾನು. ತಾವರಗೇರಾ ಹತ್ತಿರ ನಮ್ಮದೊಂದು ಹೊಲವಿದೆ. ಬೆಳೆ ತೆಗೆದ ಮೇಲೆ ಗೊಬ್ಬರಕ್ಕಾಗಿ ಅಲ್ಲಿ ಕುರಿ ನಿಲ್ಲಿಸುವುದು ಅಪ್ಪನ ಕಾಲದಿಂದ ಬಂದ ರೂಢಿ. ಪ್ರತಿ ವರ್ಷ ಅದೇ ಕುರಿಗಾರ ಕಾಕಾ ಹೆಂಡತಿಯ ಜೊತೆ ಬರುತ್ತಾರೆ. ನನ್ನನ್ನು ಕಂಡ ಕೂಡಲೇ ಹೆಗಲ ಮೇಲಿನ ಕಂಬಳಿ ಝಾಡಿಸಿ ಹಾಸುತ್ತಾರೆ. ಅದರ ಮೇಲೆ ಕೂತು ಚಹಾ ಕುಡಿಯದೆ ಮಾತು ಶುರುವಾಗುವುದಿಲ್ಲ.

ಹೋದ ವರ್ಷ ನಾನು ಕೂರಲಿಲ್ಲ. ಚಳಿ ಕಡಿಮೆಯಾಗಿ, ಹವಾಮಾನ ಏರುಪೇರಾಗಿ, ಉಣ್ಣಿಗಳು ಹೊಸ ಹೊಸ ಕಡೆ ಜ್ವರ ಹೊತ್ತುಕೊಂಡು ಹೋಗುತ್ತಿವೆ ಎಂದು ಮೊಬೈಲಿನಲ್ಲಿ ಓದಿದ್ದೆ. ಅಂಥ ಜ್ವರ ನಮ್ಮ ಕಡೆ ಬಂದಿದೆಯೆಂದು ಎಲ್ಲೂ ಬರೆದಿರಲಿಲ್ಲ. ಇನ್ನೂ ಬಂದಿಲ್ಲವೆಂದರೆ ನನ್ನಿಂದಲೇ ಶುರುವಾಗುತ್ತದೆ ಎಂದುಕೊಂಡೆ.

"ಕುಂದ್ರಿ ಸರ."

"ಬ್ಯಾಡ ಕಾಕಾ, ಸೊಂಟ ಹಿಡದೈತಿ."

ಅವರು ಮರಿಯೊಂದನ್ನು ತೊಡೆಯ ಮೇಲೆ ಕೆಡವಿಕೊಂಡು ಕಿವಿಯೊಳಗಿನ ಉಣ್ಣಿ ಕೀಳುತ್ತಿದ್ದರು. "ಮೊದಲ ಥಂಡಿ ಬಿತ್ತಂದ್ರ ಇವು ಕಡಿಮಿ ಆಗ್ತಿದ್ವು ನೋಡ್ರಿ. ಈಗ ಥಂಡಿ ಎಲ್ಲೈತಿ? ಮಳಿನೂ ಯಾವಾಗ ಬೇಕಾದಾಗ ಬರತೈತಿ. ವರ್ಷಪೂರ್ತಿ ಇದ ಕೆಲಸ. ಎರಡು ಮರಿ ಜ್ವರ ಬಂದು ಹೋದುವು."

ಹೇಳುತ್ತಲೇ ಒಂದೊಂದನ್ನೂ ಎರಡು ಉಗುರಿನ ನಡುವೆ ಚಟ್ಟೆಂದು ಒಡೆಯುತ್ತಿದ್ದರು. ಹೆಬ್ಬೆರಳೆಲ್ಲ ರಕ್ತ. ಬರಿಗೈಯಲ್ಲಿ ಉಣ್ಣಿ ಒಡೆಯಬಾರದು, ಆ ರಕ್ತದಿಂದಲೂ ರೋಗ ತಗಲಬಹುದು ಎಂಬುದನ್ನೂ ನಾನು ಅದೇ ಮೊಬೈಲಿನಲ್ಲಿ ಓದಿದ್ದೆ. ಆದರೆ ಹೇಳಿದರೆ ಮಾತು ಬೆಳೆಯುತ್ತದೆ, ಮಾತು ಬೆಳೆದರೆ ಕೂರಬೇಕಾಗುತ್ತದೆ. ಹೇಳಲಿಲ್ಲ. ಅಪಾಯವೆಲ್ಲ ಅವರ ಬೆರಳಲ್ಲಿತ್ತು. ನಾನು ನನ್ನ ಕಾಲುಚೀಲ ನೋಡಿಕೊಳ್ಳುತ್ತಿದ್ದೆ.

ಕಾಕಾನ ಹೆಂಡತಿ ಅಲ್ಲೇ ಒಲೆಯಿಂದ ಇಳಿಸಿ ಕೊಟ್ಟ ಚಹಾ ನಿಂತೇ ಕುಡಿದು ಹೊರಟೆ. ದಾರಿಯಲ್ಲಿ ಜಾಲಿಗಿಡದ ಮರೆಗೆ ಹೋಗಿ, ಪ್ಯಾಂಟು ಕಳಚಿ, ತಿರುವುಮುರುವು ಮಾಡಿ ಝಾಡಿಸತೊಡಗಿದೆ. ಕೊಡ ಹೊತ್ತು ನೀರಿಗೆ ಹೊರಟಿದ್ದ ಕಾಕಾನ ಹೆಂಡತಿ ಅಲ್ಲೇ ಬರಬೇಕೆ?

"ಯವ್ವಾ! ಏನ್ ಹೊಕ್ಕಾವ್ರಿ ಸರ?"

"ಇರುವಿ, ಚಿಗವ್ವಾ."

"ಸೊಂಟ ಅಂತೂ ಭಾಳ ಛಲೋ ಬಗ್ಗಾಕತ್ತೈತಿ," ಎಂದು ಮುಖ ಆಚೆ ತಿರುಗಿಸಿ ನಡೆದರು. ಪ್ಯಾಂಟಿನಿಂದ ಒಂದು ಹುಲ್ಲುಕಡ್ಡಿ ಬಿತ್ತು.

ಈ ವರ್ಷ ಕೈಗವಸು, ಚಿಮಟ, ದನದ ಡಾಕ್ಟರು ಬರೆದುಕೊಟ್ಟ ಉಣ್ಣಿ ಔಷಧ ತೆಗೆದುಕೊಂಡು ಹೋದೆ. ಹೇಳಬೇಕಾದ್ದನ್ನೆಲ್ಲ ತರಗತಿಯಲ್ಲಿ ಹೇಳುವಂತೆ ಒಂದೇ ಉಸಿರಿಗೆ ಹೇಳಿದೆ. ಕಾಕಾ ಎರಡೂ ಕೈಯೊಡ್ಡಿ ಎಲ್ಲವನ್ನೂ ಇಸಿದುಕೊಂಡರು.

"ಇದು ಹೋದ ವರ್ಷನ ಗೊತ್ತಿತ್ತೇನ್ರಿ ಸರ?"

"ಗೊತ್ತಿತ್ತು, ಕಾಕಾ."

ಅವರು ಕಂಬಳಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು. ಬೋರಿನ ಕೋಣೆಗೆ ಹೋಗಿ ನಮ್ಮದೇ ಹಳೆಯ ಪ್ಲಾಸ್ಟಿಕ್ ಕುರ್ಚಿ ತಂದು, ರುಮಾಲಿನಿಂದ ಒರೆಸಿ, ನನ್ನ ಮುಂದೆ ಇಟ್ಟರು.

"ಕುಂದ್ರಿ ಸರ. ಇದರಾಗ ಉಣ್ಣಿ ಇರಂಗಿಲ್ಲ."