ಬೀಗಪ್ಪನವರ ಸರ್ವರ್

ನಮ್ಮ ಪತ್ರಿಕಾ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುವವರಿಗೆ ನಾವಿಟ್ಟ ಹೆಸರು ಬೀಗಪ್ಪ. ವರದಿಗಾರರು ಎಲ್ಲಿಂದ ಸುದ್ದಿ ಕಳಿಸಿದರೂ ಅದು ಅವರವರ ಫೋಲ್ಡರಿಗೇ ಹೋಗಬೇಕು. ಪಕ್ಕದವರದ್ದಕ್ಕೆ ಇಣುಕಿದರೆ ಪರದೆಯ ಮೇಲೆ ‘ಅನುಮತಿ ಇಲ್ಲ’. ಸಂಪಾದಕರೇ ಕೇಳಿದರೂ, “ಊರ ಉಸಾಬರಿ ನಿಮಗ್ಯಾಕೆ ಸಾರ್? ನಿಮ್ಮ ಮನೆ ನೀವು ಗುಡಿಸ್ಕೊಳ್ಳಿ” ಎಂದು ಕನ್ನಡಕ ಒರೆಸುತ್ತಾರೆ. ಟೀ ಕುಡಿಯಲು ಎದ್ದರೆ ಪರದೆಗೂ ಬೀಗ, ಮೇಜಿಗೂ ಬೀಗ. ಬಾಯಿಗೂ ಒಂದು ಹಾಕಿಕೊಂಡಿದ್ದರೆ ನಮ್ಮ ಪುಣ್ಯ. ಅವರ ತಂದೆ ತೀರಿಕೊಂಡಾಗ, ಮರುದಿನದ ಅಂತ್ಯಕ್ರಿಯೆಗೆ ನೆಂಟರಿಷ್ಟರು ಬರಲೆಂದು ನಿಧನವಾರ್ತೆಯನ್ನೂ ಫೋಟೋವನ್ನೂ ಮನೆಯಿಂದಲೇ ಕಳಿಸಿ, ಫೋನ್ ಆರಿಸಿ ತಂದೆಯ ಪಕ್ಕ ಕೂತರು. ಅದು ಅವರದೇ ಫೋಲ್ಡರಿಗೆ ಹೋಗಿ ಬಿತ್ತು. ವರದಿಗಾರರ ಫೋಲ್ಡರುಗಳನ್ನು ಪುಟ ಕಟ್ಟುವವರು ತೆರೆಯಬಹುದಿತ್ತು; ಇದನ್ನು ತೆರೆಯುವ ಅನುಮತಿ ಇದ್ದದ್ದು ಅವರೊಬ್ಬರಿಗೇ. ಪತ್ರಿಕೆ ಆ ಸುದ್ದಿಯಿಲ್ಲದೆ ಅಚ್ಚಾಯಿತು. ಅಂತ್ಯಕ್ರಿಯೆಗೆ ಮನೆಯವರು ಬಿಟ್ಟರೆ ಯಾರೂ ಇರಲಿಲ್ಲ. ವಾರ ಕಳೆದು ಕೆಲಸಕ್ಕೆ ಬಂದವರ ಮುಂದೆ ಪುಟ ಕಟ್ಟುವ ಹುಡುಗಿ ಬಂದು ನಿಂತಳು. “ಸಾರ್, ನಿಮ್ಮ ತಂದೆಯವರ ಫೋಟೋ ನಿಮ್ಮ ಫೋಲ್ಡರಲ್ಲೇ ಉಳಿದುಬಿಡ್ತು.” ಅತ್ತು ಅತ್ತು ಊದಿಕೊಂಡ ಕಣ್ಣನ್ನು ಬೀಗಪ್ಪ ಕಿರಿದು ಮಾಡಿದರು. “ನನ್ನ ಫೋಲ್ಡರಲ್ಲಿ ಏನಿದೆ ಅಂತ ನಿನಗೆ ಹೇಗಮ್ಮ ಗೊತ್ತಾಯ್ತು?”